ಬಿಜಿಎಂಐನಲ್ಲಿ ಹೆಲ್ತ್ 75ಕ್ಕೆ ನಿಂತ ಮೇಲೆ ಏನು ಮಾಡಬೇಕು?

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನೋ ಮೊಬೈಲ್ ಶೂಟಿಂಗ್ ಗೇಮ್, ಹೊಸದಾಗಿ ಆಡ್ತಿರೋರಿಗೆ ಒಂದು ಸಲಹೆ. ಬ್ಯಾಗ್ ತುಂಬಾ ಬ್ಯಾಂಡೇಜ್ ತುಂಬಿಕೊಳ್ಳಬೇಡಿ.

ಪೂರ್ತಿ ಹೆಲ್ತ್ 100. ಒಂದು ಬ್ಯಾಂಡೇಜ್ 10 ಮಾತ್ರ ಏರಿಸುತ್ತದೆ, ಅದಕ್ಕೂ 4 ಸೆಕೆಂಡ್ ಬೇಕು. ಫಸ್ಟ್ ಏಡ್ ಕಿಟ್ ಆದರೆ 6 ಸೆಕೆಂಡಿನಲ್ಲಿ ನೇರ 75ಕ್ಕೆ ತಂದು ನಿಲ್ಲಿಸುತ್ತದೆ. ಇವೆರಡೂ 75 ದಾಟಿಸುವುದಿಲ್ಲ. ಮೆಡ್ ಕಿಟ್ 8 ಸೆಕೆಂಡಿನಲ್ಲಿ 100 ಮಾಡುತ್ತದೆ, ಆದರೆ ಸಿಗುವುದು ಕಡಿಮೆ. ಅದನ್ನು ಕೊನೆಯ ಸರ್ಕಲ್‌ಗೆ (ಕುಗ್ಗುತ್ತಾ ಬರುವ ಸುರಕ್ಷಿತ ಜಾಗದ ಕೊನೆಯ ಹಂತಕ್ಕೆ) ಇಟ್ಟುಕೊಳ್ಳಿ.

75ರಿಂದ ಮೇಲಕ್ಕೆ ಹೋಗೋಕೆ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ಇದೆಯಲ್ವಾ, ಅದೇ ಸರಿ. ಇವು ನೇರ ಹೆಲ್ತ್ ಅಲ್ಲ, ಬೂಸ್ಟ್ ಅನ್ನೋ ಬೇರೆ ಪಟ್ಟಿಯನ್ನು ತುಂಬಿಸುತ್ತವೆ: ಡ್ರಿಂಕ್ 40, ಪೇನ್‌ಕಿಲ್ಲರ್ 60. ಎರಡೂ ತಗೊಂಡರೆ ಬೂಸ್ಟ್ ಪಟ್ಟಿ ಪೂರ್ತಿ ತುಂಬುತ್ತದೆ. ಆಮೇಲೆ ನೀವು ಓಡ್ತಿರಿ, ಗುಂಡು ಹಾರಿಸ್ತಿರಿ, ಹೆಲ್ತ್ ತಾನಾಗೇ ನಿಧಾನಕ್ಕೆ ಏರುತ್ತಿರುತ್ತದೆ. ಪಟ್ಟಿ 60 ದಾಟಿದ್ದರೆ ಓಟವೂ ಸ್ವಲ್ಪ ಚುರುಕಾಗುತ್ತದೆ. ಹಾಗಾಗಿ ಪೆಟ್ಟು ಬೀಳೋವರೆಗೂ ಕಾಯದೆ, ಫೈಟ್‌ಗೆ ಮುಂಚೆಯೇ ಕುಡಿದುಬಿಡಿ. ಇದನ್ನೇ ತುಂಬಾ ಜನ ಮರೆಯುತ್ತಾರೆ.

ಇನ್ನೊಂದು ವಿಷಯ. ಕಿಟ್ ಹಾಕುವಾಗ ಐದೂವರೆ ಸೆಕೆಂಡಿಗೆ ಗನ್ ಎತ್ತಿದರೆ ಒಂದು ಪಾಯಿಂಟೂ ಸಿಗಲ್ಲ. ಹೆಜ್ಜೆ ಸದ್ದು ಹತ್ತಿರ ಕೇಳಿದರೆ ಕಿಟ್ ಶುರು ಮಾಡಲೇಬೇಡಿ. ಮೊದಲು ಗೋಡೆ ಹಿಂದೆ ಹೋಗಿ, ಟೀಮ್‌ನವರಿಗೆ ಹೇಳಿ ಸ್ಮೋಕ್ (ಹೊಗೆ ಬಾಂಬ್) ಹಾಕಿಸಿ.

ವೆಸ್ಟ್ (ಗುಂಡು ತಡೆಯುವ ಕವಚ) ಬಗ್ಗೆಯೂ ಗೊತ್ತಿರಲಿ. ಲೆವೆಲ್ 3 ವೆಸ್ಟ್ ಗುಂಡಿನ ಪೆಟ್ಟನ್ನು 55% ತಗ್ಗಿಸುತ್ತದೆ. ಬ್ಲೂ ಝೋನ್ (ಸರ್ಕಲ್‌ನ ಹೊರಗಿನ ಅಪಾಯದ ಜಾಗ) ಮುಂದೆ ಮಾತ್ರ ವೆಸ್ಟ್ ಸುಮ್ನೆ, ಆ ಝೋನ್ ನೇರ ಹೆಲ್ತನ್ನೇ ತಿನ್ನುತ್ತದೆ.