ಅಂಗಾಲಿಗೆ ಓಟ ಕಲಿಸಿದ ಒಂದು ವರ್ಷ

ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟು, ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಗೊಮ್ಮಟನನ್ನು ನೋಡಿ ಬರುವುದು ನಮ್ಮ ಹಾಸನ ಜಿಲ್ಲೆಯವರಿಗೆ ಹೊಸದೇನಲ್ಲ. ನಾನೂ ಚಿಕ್ಕಂದಿನಿಂದ ಹತ್ತಾರು ಸಲ ಹತ್ತಿದ್ದೇನೆ. ಆದರೆ ನಲವತ್ತೆರಡನೆಯ ವಯಸ್ಸಿನಲ್ಲಿ, ಬಲ ಮಂಡಿಯ ನೋವಿನಿಂದಾಗಿ ಓಟವನ್ನೇ ಬಿಡಬೇಕೇನೋ ಎಂದು ಯೋಚಿಸುತ್ತಿದ್ದ ದಿನಗಳಲ್ಲಿ ಹತ್ತಿಳಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಇಳಿಯುವಾಗ ಒಂದು ಮೆಟ್ಟಿಲ ಮೇಲೂ ನಾನು ಹಿಮ್ಮಡಿಯನ್ನು ಮೊದಲು ಊರಿರಲಿಲ್ಲ. ಬೆರಳುಗಳ ಹಿಂದಿನ ಮೆತ್ತನೆಯ ಭಾಗವೇ ಮೊದಲು ಕಲ್ಲನ್ನು ಮುಟ್ಟಿ, ಆಮೇಲೆ ಹಿಮ್ಮಡಿ ಮೆಲ್ಲಗೆ ಇಳಿಯುತ್ತಿತ್ತು. ಜಿಲ್ಲಾ ಕ್ರೀಡಾಂಗಣದಲ್ಲಿ ಬೂಟು ತೊಟ್ಟು ಓಡುವಾಗ ಮಾತ್ರ ಪ್ರತಿ ಹೆಜ್ಜೆಗೂ ನನ್ನ ಹಿಮ್ಮಡಿ ದಪ್ಪೆಂದು ಬೀಳುತ್ತಿತ್ತು.

ಆ ಕುತೂಹಲದಿಂದ ಓದಲು ಶುರುಮಾಡಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಬರಿಗಾಲಲ್ಲಿ ಓಡಿ ರೂಢಿಯಿರುವವರು ಹೆಚ್ಚಾಗಿ ಮುಂಗಾಲನ್ನು ಮೊದಲು ಊರುತ್ತಾರೆ, ಅದರಿಂದ ಹಿಮ್ಮಡಿ ಬಡಿದಾಗ ಉಂಟಾಗುವ ದಿಢೀರ್ ಆಘಾತ ತಪ್ಪುತ್ತದೆ ಎಂದು ತೋರಿಸಿತ್ತು. 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದ ಕಥೆಯಂತೂ ನನ್ನನ್ನು ಪೂರ್ತಿಯಾಗಿ ಸೆಳೆಯಿತು. ಬಿಕಿಲ ಬರಿಗಾಲ ಓಟವನ್ನು ರೂಢಿಸಿಕೊಂಡವನು, ನಾನು ಮೂವತ್ತು ವರ್ಷಗಳಿಂದ ಬೂಟಿನೊಳಗೆ ಪಾದವನ್ನು ಕಟ್ಟಿಟ್ಟವನು ಎಂಬ ವ್ಯತ್ಯಾಸ ಆಗ ಹೊಳೆಯಲಿಲ್ಲ. ಬರಿಗಾಲಲ್ಲಿ ಓಡಿದರೆ ಗಾಯವಾಗುವುದಿಲ್ಲವೆಂದು ಆ ಅಧ್ಯಯನವೂ ಹೇಳಿರಲಿಲ್ಲ. ಹಾಗೆ ಓದಿಕೊಂಡವನು ನಾನು.

ಡಿಸೆಂಬರ್ ತಿಂಗಳಲ್ಲಿ ಬರಿಗಾಲ ಓಟ ಶುರುಮಾಡಿ ಮೂರನೆಯ ವಾರಕ್ಕೇ 5 ಕಿಲೋಮೀಟರ್ ಓಡಿದೆ. ಉಸಿರು ಸಲೀಸಾಗಿತ್ತು, ಮಂಡಿಯಲ್ಲಿ ನೋವಿರಲಿಲ್ಲ, ಹಾಗಾಗಿ ಎಲ್ಲವೂ ಸರಿಯಿದೆ ಎಂದುಕೊಂಡೆ. ಮರುದಿನ ಮೀನಖಂಡ ಕಲ್ಲಿನಂತಾಗಿ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ಅದು ಇಳಿಯುವ ಮೊದಲೇ ಮತ್ತೆ ಓಡಿದ್ದರಿಂದ ಎಡ ಪಾದದ ಮೇಲ್ಭಾಗದಲ್ಲಿ, ಎರಡನೆಯ ಬೆರಳಿನ ನೇರಕ್ಕೆ, ಒತ್ತಿದರೆ ಚುಚ್ಚುವ ನೋವು ಕಾಣಿಸಿಕೊಂಡಿತು. ಮೂಳೆಯ ಮೇಲೆ ಒತ್ತಡ ಹೆಚ್ಚಾಗಿದೆ, ಮುಂದುವರಿಸಿದರೆ ಬಿರುಕು ಬಿಡಬಹುದು ಎಂದ ವೈದ್ಯರು ಆರು ವಾರ ಓಟವನ್ನೇ ನಿಲ್ಲಿಸಿದರು. ಮುಂಗಾಲ ಮೇಲೆ ಇಳಿದಾಗ ಮಂಡಿಯ ಹೊರೆ ಮಾಯವಾಗುವುದಿಲ್ಲ, ಅದರಲ್ಲೊಂದು ಪಾಲು ಕಣಕಾಲಿಗೂ ಮೀನಖಂಡಕ್ಕೂ ಪಾದದ ಸಣ್ಣ ಮೂಳೆಗಳಿಗೂ ವರ್ಗವಾಗುತ್ತದೆ ಎಂಬುದು ಆಗ ಅರ್ಥವಾಯಿತು. ಸ್ನಾಯು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಈ ಅಂತರವನ್ನು ಮೊದಲೇ ತಿಳಿದಿದ್ದರೆ ಆ ಆರು ವಾರ ಉಳಿಯುತ್ತಿತ್ತು.

ಎರಡನೆಯ ಸಲ ಶುರುಮಾಡಿದ್ದು ಏಪ್ರಿಲ್‌ನಲ್ಲಿ, ಸಕಲೇಶಪುರದ ಕಡೆಯಿರುವ ಭಾವನ ಕಾಫಿ ಕಣದಲ್ಲಿ. ಕೊಯ್ಲು ಮುಗಿದು, ಹಣ್ಣು ಒಣಗಿಸುವ ಕೆಲಸವೂ ಮುಗಿದ ಮೇಲೆ ಆ ಸಿಮೆಂಟಿನ ಅಂಗಳ ಗುಡಿಸಿಟ್ಟ ಹಾಗೆ ಖಾಲಿಯಿರುತ್ತದೆ. ಹುಲ್ಲಿನ ಮೇಲೆ ಮೊದಲು ಓಡಬೇಕೆಂದು ಅನೇಕರು ಹೇಳುತ್ತಾರೆ, ನನಗೆ ಅದು ಸರಿಯೆನಿಸುವುದಿಲ್ಲ. ಹುಲ್ಲು ಮೆತ್ತಗಿರುವುದರಿಂದ ಹಿಮ್ಮಡಿ ಬಡಿದರೂ ತಿಳಿಯುವುದಿಲ್ಲ, ಅದರಡಿಯಲ್ಲಿರುವ ನೆಗ್ಗಿಲ ಮುಳ್ಳೂ ಗಾಜಿನ ಚೂರೂ ಕಾಣುವುದಿಲ್ಲ. ನಯವಾದ ಗಟ್ಟಿ ನೆಲ ತಪ್ಪನ್ನು ಆ ಹೆಜ್ಜೆಯಲ್ಲೇ ಹೇಳಿಬಿಡುತ್ತದೆ.

ಭಾನುವಾರ ಕಣದಲ್ಲಿ, ಬುಧವಾರ ಹಾಸನದ ಮನೆಯ ಮುಂದಿನ ಕಾಂಕ್ರೀಟ್ ರಸ್ತೆಯಲ್ಲಿ, ಒಂದೊಂದು ಸಲಕ್ಕೆ 200 ಮೀಟರ್ ಮಾತ್ರ. ಉಳಿದ ದಿನ ಬೂಟಿನ ಓಟ, ಮನೆಯೊಳಗೆ ಸದಾ ಬರಿಗಾಲು. ಕಣದ ನಿಶ್ಶಬ್ದದಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತಿತ್ತು. ಸದ್ದು ಕಡಿಮೆಯಾಗುವಂತೆ ಓಡುವುದೊಂದೇ ಗುರಿಯಾಗಿತ್ತು. ಹೆಜ್ಜೆಯನ್ನು ಮುಂದಕ್ಕೆ ಚಾಚದೆ ಸೊಂಟದ ಕೆಳಗೇ ಇಟ್ಟಾಗ ಅದು ತಾನಾಗಿ ಚಿಕ್ಕದಾಯಿತು, ಚುರುಕಾಯಿತು. ಬೂಟಿನಲ್ಲಿ ನಿಮಿಷಕ್ಕೆ 156 ಹೆಜ್ಜೆ ಹಾಕುತ್ತಿದ್ದವನು ಮೂರು ತಿಂಗಳಲ್ಲಿ 174ಕ್ಕೆ ಬಂದೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಾಗ ಮೊದಲು ಚರ್ಮ ಗಟ್ಟಿಯಾಗಲೆಂದು ಕಾದೆ. ಎರಡನೆಯ ಸಲವೂ ಅಲ್ಲೇ ಎದ್ದಾಗ ಕಾರಣ ತಿಳಿಯಿತು: ನಾನು ಪಾದವನ್ನು ನೆಲಕ್ಕೆ ಉಜ್ಜಿ ಹಿಂದಕ್ಕೆ ತಳ್ಳುತ್ತಿದ್ದೆ. ತಳ್ಳುವುದನ್ನು ಬಿಟ್ಟು, ಕೆಂಡ ತುಳಿದವನಂತೆ ಪಾದವನ್ನು ಮೇಲಕ್ಕೆತ್ತುವುದನ್ನು ಕಲಿತ ಮೇಲೆ ಬೊಬ್ಬೆ ಬರಲಿಲ್ಲ. ಅಂಗಾಲು ದಪ್ಪ ಹಿಮ್ಮಡಿಯಂತಾಗುತ್ತದೆ ಎಂಬ ಭಯವಿತ್ತು, ಹಾಗಾಗಲಿಲ್ಲ; ಚರ್ಮ ನಯವಾಗಿಯೇ ಉಳಿದು, ಬಿಗಿಯಾಯಿತು.

ಬೆರಳಿಗೆ ಅಂಟುವ ತೆಳುತಳದ ಬೂಟುಗಳನ್ನು ನಾನು ಕೊಳ್ಳಲಿಲ್ಲ. ಮೀನಖಂಡ ದಣಿಯುವ ಮೊದಲೇ ಅಂಗಾಲಿನ ಚರ್ಮ ಉರಿದು ಸಾಕು ಎನ್ನುತ್ತದೆ, ಆ ಎಚ್ಚರಿಕೆ ಹೊಸಬನಿಗೆ ಬೇಕೇ ಬೇಕು. ದೂರ ಹೆಚ್ಚಿಸಬೇಕೋ ಬೇಡವೋ ಎಂಬುದನ್ನು ಮಾರನೆಯ ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಯಲ್ಲಿ ತೀರ್ಮಾನಿಸುತ್ತಿದ್ದೆ. ಹಿಮ್ಮಡಿಯಲ್ಲಾಗಲಿ ಪಾದದ ಮೇಲ್ಭಾಗದಲ್ಲಾಗಲಿ ನೋವಿದ್ದರೆ ಆ ವಾರ ದೂರ ಹೆಚ್ಚಿಸುತ್ತಿರಲಿಲ್ಲ.

ಬಡವರ ಊಟಿ ಎನಿಸಿಕೊಂಡ ಹಾಸನದಲ್ಲೂ ಬೇಸಿಗೆಯ ಡಾಂಬರು ಒಂಬತ್ತು ಗಂಟೆಯ ಹೊತ್ತಿಗೆ ಸುಡುತ್ತದೆ, ಆದ್ದರಿಂದ ಬೆಳಗಾಗುತ್ತಲೇ ಹೊರಡುತ್ತೇನೆ. ಮಳೆಗಾಲದಲ್ಲಿ ನೆನೆದ ಚರ್ಮ ಬೇಗ ಹರಿಯುತ್ತದೆ, ತೋಟದ ಕಡೆ ಇಂಬಳದ ಕಾಟವೂ ಇದೆ. ಜೂನ್‌ನಿಂದ ದೂರವನ್ನು ಅರ್ಧಕ್ಕಿಳಿಸಿದೆ. ಕೊಚ್ಚೆ, ಮಲ ಇರುವ ಹಸಿ ಮಣ್ಣನ್ನು ತುಳಿಯುವುದಿಲ್ಲ, ಕೊಕ್ಕೆಹುಳು ಅಂಗಾಲಿನ ಮೂಲಕವೇ ಒಳಹೋಗುತ್ತದೆ. ಧನುರ್ವಾಯು ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಂಡಿದ್ದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವ ನನ್ನ ಅಣ್ಣ ತಾನೂ ಬರುತ್ತೇನೆಂದಾಗ ಖಂಡಿತ ಬೇಡವೆಂದೆ. ತಾಗಿದ ಗಾಯ ಅರಿವಿಗೇ ಬಾರದವರಿಗೆ ಈ ಓಟ ಅಪಾಯ.

ವರ್ಷ ತುಂಬುವ ಹೊತ್ತಿಗೆ ವಾರದ 20 ಕಿಲೋಮೀಟರುಗಳಲ್ಲಿ 6 ಬರಿಗಾಲಲ್ಲಿ ಸಾಗುತ್ತಿವೆ, ಒಮ್ಮೆಗೆ 3ಕ್ಕಿಂತ ಹೆಚ್ಚಿಲ್ಲ. ಬೂಟು ತೊಟ್ಟ ದಿನವೂ ಹೆಜ್ಜೆ ಈಗ ಮೆಲ್ಲಗೆ ಬೀಳುತ್ತದೆ. ಕೊಯ್ಲು ಶುರುವಾಗಿ ಕಣದ ತುಂಬ ಕಾಫಿ ಹರಡಿರುವುದರಿಂದ, ಭಾನುವಾರದ ಓಟವನ್ನೂ ಮನೆಯ ಮುಂದಿನ ರಸ್ತೆಗೆ ತಂದಿದ್ದೇನೆ.