ಹಳೇ ಪಿಸಿ, ಜಿಟಿಎ 5 ಮತ್ತು ಹದಿನೈದು ನಿಮಿಷದ ಲ್ಯಾಗ್

ಕಾರು ಓಡಿಸುತ್ತಾ ಊರೆಲ್ಲ ಸುತ್ತುವ ಜಿಟಿಎ 5 ವಿಡಿಯೋ ಗೇಮ್ ಪಿಸಿಗೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ. ಆಟ ಚೆನ್ನಾಗಿ ಓಡಲು ಏನೇನು ಬೇಕು ಅನ್ನೋ ಪಟ್ಟಿಯಲ್ಲಿ ಐ5-3470 ಪ್ರೊಸೆಸರ್, 8 ಜಿಬಿ ರ‍್ಯಾಮ್ ಅಂತ ಇತ್ತು. ನನ್ನ ಹತ್ತಿರ ಇರುವುದೂ ಅದೇ ಪ್ರೊಸೆಸರ್, ಅಷ್ಟೇ ರ‍್ಯಾಮ್. ಜೊತೆಗೆ 2 ಜಿಬಿಯ ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಆದರೂ ಆಟ ಎತ್ತಿನ ಗಾಡಿಯ ಹಾಗೆ ಕುಲುಕುತ್ತಿತ್ತು.

ಅಂಗಡಿಯವರು ಕಾರ್ಡ್ ಬದಲಾಯಿಸಿ ಅಂದರು. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಆದರೆ ಒಂದು ವಿಷಯ ತಲೆ ಕೊರೆಯುತ್ತಿತ್ತು. ಮೊದಲ ಹದಿನೈದು ನಿಮಿಷ ಆಟ ಸಲೀಸಾಗಿ ಓಡುತ್ತಿತ್ತು, ಲ್ಯಾಗ್ ಶುರುವಾಗುತ್ತಿದ್ದದ್ದೇ ಆಮೇಲೆ. ಕಾರ್ಡಿಗೆ ತಾಕತ್ತು ಸಾಲದಿದ್ದರೆ ಮೊದಲ ನಿಮಿಷದಿಂದಲೇ ಕುಲುಕಬೇಕಿತ್ತು, ಅಲ್ವಾ?

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ. ಆಡುವಾಗಲೇ ಪರದೆಯ ಮೂಲೆಯಲ್ಲಿ ಬಿಸಿ, ವೇಗ ಎಲ್ಲ ತೋರಿಸುತ್ತದೆ. ಕಾರ್ಡ್ 65 ಡಿಗ್ರಿಯಲ್ಲಿ ತಣ್ಣಗಿತ್ತು. ಪ್ರೊಸೆಸರ್ ಮಾತ್ರ 100ರ ಹತ್ತಿರ! ಅಷ್ಟು ಕಾದರೆ ಅದು ಸುಟ್ಟುಹೋಗದಿರಲಿ ಅಂತ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 3.2 ಗಿಗಾಹರ್ಟ್ಸ್ ಇರಬೇಕಾದ ಜಾಗದಲ್ಲಿ 2ಕ್ಕಿಂತ ಕಡಿಮೆ ಕಾಣುತ್ತಿತ್ತು.

ಕ್ಯಾಬಿನೆಟ್ ಬಿಚ್ಚಿದರೆ ಕೂಲರ್‌ನ ಸಂದಿಯಲ್ಲಿ ಹಾಸಿಗೆ ಹತ್ತಿಯಂಥ ಧೂಳು. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಕೂಲರ್ ಕೂರಿಸಿದೆ. ಆನ್ ಮಾಡಿದರೆ ಮೊದಲಿಗಿಂತ ಜಾಸ್ತಿ ಬಿಸಿ! ಎದೆ ಧಸಕ್ಕೆಂದಿತು. ನೋಡಿದರೆ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಒಳಗೆ ಹೋಗಿರಲೇ ಇಲ್ಲ. ಟಕ್ ಅಂತ ಸದ್ದು ಬರೋವರೆಗೂ ಒತ್ತಬೇಕು, ಅದೂ ಎದುರುಬದುರಿನ ಪಿನ್ನುಗಳನ್ನು ಜೋಡಿಯಾಗಿ. ಸರಿಯಾಗಿ ಕೂತ ಮೇಲೆ 70 ಡಿಗ್ರಿ ದಾಟಲಿಲ್ಲ. ಖರ್ಚು ಒಂದು ಟ್ಯೂಬ್ ಪೇಸ್ಟಿನದು ಮಾತ್ರ.

ಆಮೇಲೆ ಸೆಟ್ಟಿಂಗ್. ಎಲ್ಲವನ್ನೂ ಕನಿಷ್ಠಕ್ಕೆ ಇಳಿಸಿ ಆಟವನ್ನು ಗೊಂಬೆಯಾಟ ಮಾಡುವ ಅಗತ್ಯವಿಲ್ಲ. ನಿಜವಾಗಿ ತಿನ್ನುವುದು ಮೂರೇ ಮೂರು. ಚಿತ್ರದ ಅಂಚುಗಳನ್ನು ನಯ ಮಾಡುವ ಎಂಎಸ್‌ಎಎ ಪೂರ್ತಿ ಆಫ್ ಮಾಡಿ, ಅದೇ ಕೆಲಸವನ್ನು ಹಗುರವಾಗಿ ಮಾಡುವ ಎಫ್‌ಎಕ್ಸ್‌ಎಎ ಇಟ್ಟೆ. ಗ್ರಾಸ್ ಕ್ವಾಲಿಟಿ ನಾರ್ಮಲ್‌ಗೆ ತಂದೆ. ಹುಲ್ಲಿಗೆ ಅಷ್ಟು ಶಕ್ತಿ ಬೇಕು ಅಂತ ಯಾರಿಗೆ ಗೊತ್ತಿತ್ತು! ದೂರದ ವಸ್ತುಗಳನ್ನು ತೋರಿಸುವ ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್ ಸೊನ್ನೆ ಮಾಡಿದೆ. ವಸ್ತುಗಳ ಮೈಮೇಲಿನ ಚಿತ್ರ, ಅಂದರೆ ಟೆಕ್ಸ್‌ಚರ್ ಮಾತ್ರ ಹೈನಲ್ಲೇ ಬಿಟ್ಟೆ. ವಿಡಿಯೋ ಮೆಮೊರಿ ಎಷ್ಟು ಬಳಕೆಯಾಗುತ್ತೆ ಅಂತ ಮೆನುವಿನಲ್ಲೇ ಪಟ್ಟಿ ತೋರಿಸುತ್ತದೆ. ಕಾರ್ಡಿನ 2 ಜಿಬಿ ದಾಟದಿದ್ದರೆ ಸಾಕು.

ಈಗ ಸೆಕೆಂಡಿಗೆ 45ರಿಂದ 60 ಫ್ರೇಮ್, ಅಂದರೆ ಚಿತ್ರ, ಬರುತ್ತಿತ್ತು. ಆದರೂ ಕಣ್ಣಿಗೆ ನೆಮ್ಮದಿ ಇಲ್ಲ. ಒಂದು ಫ್ರೇಮ್ ಬೇಗ, ಇನ್ನೊಂದು ತಡ. ಫ್ರೇಮ್‌ಗಳನ್ನು ಮಾನಿಟರ್‌ನ ತಾಳಕ್ಕೆ ಹೊಂದಿಸುವ ವಿ-ಸಿಂಕ್ ಅನ್ನು ಹಾಫ್‌ಗೆ ಇಟ್ಟೆ. 60 ಹರ್ಟ್ಸ್ ಮಾನಿಟರ್‌ನಲ್ಲಿ ಸರಿಯಾಗಿ 30 ಫ್ರೇಮ್, ಪ್ರತಿಯೊಂದೂ 33 ಮಿಲಿಸೆಕೆಂಡಿಗೆ. ಸ್ಟೀರಿಂಗ್ ಎರಡು ದಿನ ಭಾರ ಅನ್ನಿಸಿತು, ಆಮೇಲೆ ಮರೆತೇ ಹೋಯಿತು. ಏರಿಳಿಯುವ 50ಕ್ಕಿಂತ ಅಲುಗಾಡದ 30 ಎಷ್ಟೋ ವಾಸಿ. ಇದನ್ನು ಒಪ್ಪದ ಗೆಳೆಯರಿದ್ದಾರೆ, ಇರಲಿ.

ಜೋರಾಗಿ ಕಾರು ಓಡಿಸುವಾಗ ರಸ್ತೆಯೇ ತಡವಾಗಿ ಮೂಡುತ್ತಿದ್ದದ್ದು ಹಾರ್ಡ್‌ಡಿಸ್ಕಿನ ಕಾಟ. ಸಾಟಾ ಎಸ್‌ಎಸ್‌ಡಿಗೆ ಆಟ ಬದಲಾಯಿಸಿದ ಮೇಲೆ ಅದೂ ನಿಂತಿತು. ಫ್ರೇಮ್ ಮಾತ್ರ ಒಂದೂ ಹೆಚ್ಚಲಿಲ್ಲ. 'ಗೇಮ್ ಬೂಸ್ಟರ್' ಸಾಫ್ಟ್‌ವೇರ್‌ಗಳನ್ನೂ ಹಾಕಿ ನೋಡಿದೆ, ಸುಮ್ನೆ ಟೈಮ್ ವೇಸ್ಟ್.

ಈ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಅನ್ನೋ ಸೂಚನೆಗಳ ಗುಂಪು (ಇನ್‌ಸ್ಟ್ರಕ್ಷನ್ ಸೆಟ್) ಇಲ್ಲ. ಅದನ್ನು ಕೇಳುವ ಹೊಸ ಆಟಗಳು ತೆರೆಯುವುದೇ ಇಲ್ಲ, ಅಲ್ಲಿ ಯಾವ ಸೆಟ್ಟಿಂಗೂ ನಡೆಯಲ್ಲ. ಜಿಟಿಎಯಲ್ಲೂ ಊರಾಚೆಯ ಹುಲ್ಲುಗಾಡಿನಲ್ಲಿ ಒಮ್ಮೊಮ್ಮೆ 27ಕ್ಕೆ ಇಳಿಯುತ್ತದೆ. ಅಲ್ಲಿ ನಾನು ಬೈಕ್ ಇಳಿದು ನಡೆಯುತ್ತೇನೆ.