ಹಾಸ್ಯ ಕಲಾವಿದೆಯ ವ್ಯಕ್ತಿಚಿತ್ರ ಬರೆಯುವುದು ಹೇಗೆ: ಎಲೆನ್ ಡಿಜೆನೆರಸ್ ಅವರನ್ನು ಮುಂದಿಟ್ಟುಕೊಂಡು

ಸ್ಟ್ಯಾಂಡ್-ಅಪ್ ವೇದಿಕೆಯಿಂದ ಬಂದು ಟಿ.ವಿ. ಹಾಸ್ಯ ಧಾರಾವಾಹಿಯ ನಾಯಕಿಯಾದ ಕಲಾವಿದೆಯೊಬ್ಬರ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಹುಟ್ಟೂರು, ಓದು, ಮೊದಲ ಅವಕಾಶ, ಪ್ರಶಸ್ತಿ ಎಂಬ ಕ್ರಮದಲ್ಲಿ ಹೊರಡುತ್ತಾರೆ. ಅಂಥ ಲೇಖನದಲ್ಲಿ ಮಾಹಿತಿಯೆಲ್ಲ ಇರುತ್ತದೆ. ಆಕೆ ಜನರನ್ನು ನಗಿಸಿದ್ದು ಹೇಗೆ ಎಂಬುದೊಂದು ಇರುವುದಿಲ್ಲ. ಆದ್ದರಿಂದ ಮೊದಲು ಆಕೆಯ ಒಂದೇ ಒಂದು ಹಾಸ್ಯದ ತುಣುಕನ್ನು ಆರಿಸಿಕೊಳ್ಳಿ, ಅದು ಬದುಕಿನ ಯಾವ ಘಟನೆಯಿಂದ ಹುಟ್ಟಿತೆಂದು ಹುಡುಕಿ, ಬರವಣಿಗೆಯನ್ನು ಅಲ್ಲಿಂದಲೇ ಆರಂಭಿಸಿ.

1958ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದ ಎಲೆನ್ ಡಿಜೆನೆರಸ್ ಅವರಲ್ಲಿ ಆ ತುಣುಕು ದೇವರಿಗೆ ಮಾಡಿದ ಫೋನ್ ಕರೆ. ಇಪ್ಪತ್ತರ ಹರೆಯದಲ್ಲಿ ಅವರ ಸಂಗಾತಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಎಲೆನ್ ಇದ್ದದ್ದು ಚಿಗಟಗಳು ತುಂಬಿದ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿ. ಅಷ್ಟು ಎಳೆಯ ಜೀವ ಹೋಗಿ ಈ ಚಿಗಟಗಳು ಉಳಿದದ್ದೇಕೆ, ದೇವರಿಗೇ ಫೋನ್ ಮಾಡಿ ಕೇಳಿದರೆ ಹೇಗೆ ಎಂಬ ಯೋಚನೆಯಿಂದ ಆ ಹಾಸ್ಯ ಹುಟ್ಟಿತು. 1986ರಲ್ಲಿ ಜಾನಿ ಕಾರ್ಸನ್ ನಡೆಸಿಕೊಡುತ್ತಿದ್ದ ಅಮೆರಿಕದ ಜನಪ್ರಿಯ ರಾತ್ರಿ ಟಿ.ವಿ. ಕಾರ್ಯಕ್ರಮದಲ್ಲಿ ಅದನ್ನು ಅಭಿನಯಿಸಿದಾಗ ಕಾರ್ಸನ್, ಎಲೆನ್ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ಸಲ ಬಂದಾಗಲೇ ಆ ಗೌರವ ಪಡೆದ ಮೊದಲ ಹಾಸ್ಯ ಕಲಾವಿದೆ ಎಲೆನ್.

ಇಂಥ ಹಾಸ್ಯವನ್ನು ಕನ್ನಡದಲ್ಲಿ ಹೇಳುವಾಗ ಪದಕ್ಕೆ ಪದ ಜೋಡಿಸಬೇಡಿ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿ. ದೃಶ್ಯವನ್ನು ಒಮ್ಮೆ ಧ್ವನಿಯಿಲ್ಲದೆ ನೋಡಿ, ಮತ್ತೊಮ್ಮೆ ಕಣ್ಣು ಮುಚ್ಚಿ ಕೇಳಿ, ಜನ ನಕ್ಕ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ದೇವರ ದನಿ ಒಮ್ಮೆಯೂ ಕೇಳುವುದಿಲ್ಲ. ಮನೆಯಲ್ಲಿ ಅಮ್ಮ ಫೋನ್ ಹಿಡಿದು ‘ಹೌದಾ... ಅಯ್ಯೋ... ಯಾವಾಗ?’ ಎನ್ನುವಾಗ ಪಕ್ಕದಲ್ಲಿದ್ದವರು ಆಚೆಯ ಮಾತನ್ನು ಊಹಿಸಿಕೊಳ್ಳುವ ಹಾಗೆ, ಇಲ್ಲಿ ದೇವರ ಉತ್ತರವನ್ನು ಪ್ರೇಕ್ಷಕರೇ ಊಹಿಸಬೇಕು. ನಾಯಿ ಬೆಕ್ಕುಗಳಿಗೆ ಹಾಕುವ, ಚಿಗಟ ತಡೆಯುವ ಕೊರಳಪಟ್ಟಿಯ ಉದ್ಯಮದಲ್ಲಿ ಅಷ್ಟು ಜನ ದುಡಿಯುತ್ತಿದ್ದಾರೆಂದು ತನಗೆ ಗೊತ್ತಿರಲಿಲ್ಲ ಎಂದು ಎಲೆನ್ ವಿನಯದಿಂದ ಒಪ್ಪಿಕೊಂಡಾಗ, ದೇವರು ಕೊಟ್ಟ ಕಾರಣ ಏನೆಂಬುದು ನಮಗೆ ತಾನಾಗಿ ಹೊಳೆಯುತ್ತದೆ. ಈ ಒಂದು ಮಾತನ್ನು ಸರಿಯಾಗಿ ವಿವರಿಸಿದರೆ ‘ಅದ್ಭುತ ಹಾಸ್ಯಪ್ರಜ್ಞೆ’ ಎಂಬಂಥ ಪದಗಳ ಅಗತ್ಯವೇ ಬೀಳುವುದಿಲ್ಲ.

ಧಾರಾವಾಹಿಯ ಭಾಗಕ್ಕೆ ಬಂದಾಗ ಬರೆಯುವ ರೀತಿಯನ್ನು ಬದಲಿಸಬೇಕು, ಏಕೆಂದರೆ ವೇದಿಕೆಯಲ್ಲಿ ಕಲಾವಿದೆ ಒಬ್ಬರೇ ಇದ್ದರೆ ಧಾರಾವಾಹಿಯಲ್ಲಿ ಬರಹಗಾರರು, ವಾಹಿನಿ, ಜಾಹೀರಾತುದಾರರು ಎಲ್ಲರೂ ಇರುತ್ತಾರೆ. 1994ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದ, ಎಲೆನ್ ನಾಯಕಿಯಾಗಿದ್ದ ಧಾರಾವಾಹಿಗೆ ಎರಡನೆಯ ಸರಣಿಯಿಂದ ‘ಎಲೆನ್’ ಎಂದೇ ಹೆಸರಾಯಿತು. ಕಂತುಗಳನ್ನೆಲ್ಲ ವಿವರಿಸಲು ಹೋಗದೆ 1997ರ ಏಪ್ರಿಲ್ 30ರ ಒಂದು ಕಂತಿನಲ್ಲಿ ನಿಲ್ಲಿ. ವಿಮಾನ ನಿಲ್ದಾಣದಲ್ಲಿ ನಾಯಕಿ ತಾನು ಸಲಿಂಗಕಾಮಿ ಎಂದು ಎದುರಿಗಿದ್ದ ಗೆಳತಿಗೆ ಹೇಳಲು ತಡವರಿಸುತ್ತಾಳೆ, ಕೊನೆಗೆ ಮುಂದಕ್ಕೆ ಬಾಗಿ ಹೇಳಿಯೇಬಿಡುತ್ತಾಳೆ. ಮುಂದಿದ್ದ ಮೈಕಿನಿಂದಾಗಿ ಆ ಮಾತು ಇಡೀ ನಿಲ್ದಾಣಕ್ಕೆ ಕೇಳಿಸುತ್ತದೆ. ಸುಮಾರು 4.2 ಕೋಟಿ ಜನ ನೋಡಿದ ಆ ಕಂತಿನ ಬರವಣಿಗೆಗೆ ಅಮೆರಿಕದ ಟಿ.ವಿ. ಪ್ರಶಸ್ತಿಯಾದ ಎಮ್ಮಿ ಬಂತು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಎಬಿಸಿಯ ಸ್ಥಳೀಯ ಕೇಂದ್ರ ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಮುಂದಿನ ಸರಣಿಯ ಕಂತುಗಳಿಗೆ ವಾಹಿನಿ ಪೋಷಕರಿಗೆಂದು ಎಚ್ಚರಿಕೆಯ ಸೂಚನೆ ಸೇರಿಸಿತು, 1998ರಲ್ಲಿ ಧಾರಾವಾಹಿಯೇ ನಿಂತಿತು. ನಿಜ ಜೀವನದಲ್ಲಿಯೂ ಎಲೆನ್ ಆ ಕಂತು ಬಂದ 1997ರ ಏಪ್ರಿಲ್‌ನಲ್ಲೇ ತಾವು ಸಲಿಂಗಕಾಮಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದರು ಎಂಬುದನ್ನು ಇಲ್ಲಿಯೇ ಸೇರಿಸಿ, ‘ಖಾಸಗಿ ಬದುಕು’ ಎಂಬ ಪ್ರತ್ಯೇಕ ಭಾಗ ಮಾಡಬೇಡಿ.

2003ರಿಂದ 2022ರವರೆಗೆ ಎಲೆನ್ ಟಿ.ವಿ.ಯಲ್ಲಿ ನಡೆಸಿಕೊಟ್ಟ ಮಾತುಕತೆಯ ಕಾರ್ಯಕ್ರಮಕ್ಕೆ ಒಂದು ಪ್ಯಾರಾ ಸಾಕು. ಆದರೆ 2020ರಲ್ಲಿ ಅಲ್ಲಿನ ಸಿಬ್ಬಂದಿ ಕೆಲಸದ ವಾತಾವರಣದ ಬಗ್ಗೆ ದೂರಿದ್ದು, ತನಿಖೆಯ ನಂತರ ಮೂವರು ಹಿರಿಯ ನಿರ್ಮಾಪಕರು ಹೊರಹೋದದ್ದು, ಎಲೆನ್ ಕಾರ್ಯಕ್ರಮದಲ್ಲೇ ಕ್ಷಮೆ ಕೇಳಿದ್ದು ಅದರಲ್ಲಿ ಇರಲೇಬೇಕು. ಮೆಚ್ಚಿದ ಕಲಾವಿದೆಯ ಬಗ್ಗೆ ಬರೆಯುವಾಗ ಕೈ ತಡೆಯುವುದು ಇಲ್ಲಿಯೇ; ಯಾರು ಏನು ಹೇಳಿದರು, ಆಮೇಲೆ ಏನಾಯಿತು ಎಂಬುದನ್ನು ದಿನಾಂಕದ ಸಮೇತ ಬರೆದು ಮುಂದೆ ಸಾಗಿ, ಸಮರ್ಥನೆಗೆ ಇಳಿಯಬೇಡಿ.

ಬರೆದಾದ ಮೇಲೆ ಎಲೆನ್ ಹೆಸರನ್ನೇ ಕೇಳದ ಒಬ್ಬರಿಗೆ ಚಿಗಟದ ಪ್ಯಾರಾವನ್ನು ಗಟ್ಟಿಯಾಗಿ ಓದಿ ಹೇಳಿ. ಕೊರಳಪಟ್ಟಿಯ ಮಾತಿಗೆ ಅವರ ಮುಖದಲ್ಲಿ ನಗು ಕಾಣದಿದ್ದರೆ, ಆ ಪ್ಯಾರಾವನ್ನಷ್ಟೇ ಹೊಸದಾಗಿ ಬರೆಯಿರಿ.